ಅಣ್ಣ ಮತ್ತೆ ಅಂಪಾಯರ್ ಆದದ್ದು

ಸಿಟಿ ಬಸ್ಸಿನ ಕಂಡಕ್ಟರನಿಗೆ ಭಾನುವಾರ ರಜೆ ಸಿಗುವುದು ಅಪರೂಪ. ಸಿಕ್ಕಿದ ಭಾನುವಾರಗಳನ್ನು ನನ್ನ ಅಣ್ಣ ಮಲಗಿ ಕಳೆಯುತ್ತಿರಲಿಲ್ಲ. ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕಿ, ತಲೆಗೆ ಟೊಪ್ಪಿ ಇಟ್ಟು, ಕಾವೂರಿನಲ್ಲಿ ನಮ್ಮ ಮನೆಯ ಹತ್ತಿರದ ಮೈದಾನದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತಿದ್ದ. ಅವನು ಅಂಪಾಯರ್. ನಮ್ಮ ಕಡೆ ಅಂಡರ್‌ಆರ್ಮ್ ಕ್ರಿಕೆಟ್ ಎಂಬ ಆಟ ಉಂಟು. ಬೌಲರ್ ಕೈಯನ್ನು ಮೇಲೆತ್ತುವ ಹಾಗಿಲ್ಲ, ಸೊಂಟದ ಕೆಳಗಿನಿಂದಲೇ ಚೆಂಡು ಎಸೆಯಬೇಕು. ಕೈ ಒಂದಿಷ್ಟು ಮೇಲೆ ಹೋದರೂ ನೋಬಾಲ್. ಆ ಒಂದಿಷ್ಟು ಎಷ್ಟು ಎಂಬುದನ್ನು ಹೇಳಬೇಕಾದವನು ಅಂಪಾಯರ್. ಈ ಆಟಕ್ಕೆ ಬ್ಯಾಟು ಹಿಡಿಯುವವರು ಓಣಿಗೆ ಹತ್ತು ಜನ ಸಿಗುತ್ತಾರೆ. ದಿನವಿಡೀ ನಿಂತು ಇನ್ನೊಬ್ಬರ ಕೈಯನ್ನೇ ನೋಡುವ ಕೆಲಸಕ್ಕೆ ಯಾರೂ ಸಿಗುವುದಿಲ್ಲ. ಅಣ್ಣ ಸಿಗುತ್ತಿದ್ದ.

ಅವನ ಬಗ್ಗೆ ಬರೆಯುವ ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ. ಬಿ.ಎ. ಮಾಡಿದೆ, ಆಮೇಲೆ ದೈಹಿಕ ಶಿಕ್ಷಣದಲ್ಲಿ ಬಿ.ಪಿ.ಎಡ್. ಮಾಡಿದೆ. ಈಗ ಕುಲಶೇಖರದ ಕಡೆ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಅಪ್ಪ ತೀರಿಕೊಂಡಾಗ ಅಣ್ಣ ಹತ್ತನೆಯಲ್ಲಿದ್ದ. ಪರೀಕ್ಷೆ ಬರೆದ, ಪಾಸೂ ಆದ; ಆದರೆ ಮುಂದಿನ ಕ್ಲಾಸಿಗೆ ಹೋಗದೆ ಬಸ್ಸಿಗೆ ಹೋದ. ಮೊದಲು ಬಸ್ಸು ತೊಳೆಯುವ ಕೆಲಸ, ಪ್ರಾಯ ಆದ ಮೇಲೆ ಕಂಡಕ್ಟರ್. ಕಾಲೇಜಿನಲ್ಲಿ ನಾನು ಎಂಟುನೂರು ಮೀಟರ್ ಓಡುತ್ತೇನೆ ಎಂದು ಗೊತ್ತಾದ ದಿನ ಅವನು ಪೇಟೆಗೆ ಹೋಗಿ ಹಂಪನಕಟ್ಟೆಯಿಂದ ಓಟದ ಶೂಸ್ ತಂದುಕೊಟ್ಟ. ಅಮ್ಮ, "ಹೆಣ್ಣು ಮಗು ಓಡಿ ಎಂತ ಮಾಡುದು" ಎಂದಾಗ ಅವನು ಹೇಳಿದ್ದು ಇಷ್ಟೇ: "ಅವಳು ಓಡಲಿ ಅಮ್ಮ. ನಾನು ಬಸ್ಸಿನ ಹಿಂದೆ ಓಡಿದ್ದು ಸಾಕು." ನಾವು ಮನೆಯಲ್ಲಿ ಮಾತನಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಅವನ ಧ್ವನಿ ಇದೇ.

ನಮ್ಮ ಮೈದಾನದ ಕ್ಲಬ್ಬಿನಲ್ಲಿ ಒಂದು ಹಳೆಯ ಕ್ರಮ ಇತ್ತು. ಪ್ರತಿ ಪಂದ್ಯದ ಟಾಸಿಗೆ ಮೊದಲು ಎರಡೂ ಕ್ಯಾಪ್ಟನ್‌ಗಳು ಅಂಪಾಯರ್ ಮುಂದೆ ಬಂದು ನಿಲ್ಲಬೇಕು. ಕೈ ಕುಲುಕಿ, "ಒಪ್ಪಿಗೆ ಉಂಟು" ಎನ್ನಬೇಕು. ಯಾರಾದರೊಬ್ಬರು "ಇಲ್ಲ" ಎಂದರೆ ಅಂಪಾಯರ್ ಹೊರಗೆ ಬರಬೇಕು; ಕಾರಣ ಕೇಳುವ ಹಾಗಿಲ್ಲ. ಬೇರೆಯವರು ನಿಲ್ಲುತ್ತಾರೆ. ಕೈ ಕುಲುಕಿದ ಮೇಲೆ ಮಾತ್ರ ಅವನು ಹೇಳಿದ್ದೇ ಕೊನೆ. ಅಣ್ಣ ನಿಂತಷ್ಟು ವರ್ಷ ಯಾರೂ "ಇಲ್ಲ" ಎಂದದ್ದನ್ನು ನಾನು ಕೇಳಿಲ್ಲ. ಮೈದಾನದ ಅಂಚಿನಲ್ಲಿ ಕುಳಿತು ನೋಡುವಾಗ ನನಗೆ ಪಂದ್ಯಕ್ಕಿಂತ ಆ ಕೈಕುಲುಕುವ ಗಳಿಗೆಯೇ ಇಷ್ಟ. ಹತ್ತನೆಯಲ್ಲಿ ನಿಂತುಹೋದ ನನ್ನ ಅಣ್ಣನ ಕೈಯನ್ನು ಇಂಜಿನಿಯರುಗಳು, ಬ್ಯಾಂಕಿನವರು ಕುಲುಕಿ ಹೋಗುತ್ತಿದ್ದರು.

ಆಮೇಲೆ ಮೈದಾನಕ್ಕೆ ಲೈಟು ಬಂತು. ಲೈಟು ಬಂದದ್ದು ಒಂದು ಆ್ಯಪಿನ ಪ್ರಾಯೋಜಕತ್ವದಲ್ಲಿ. ಮೊಬೈಲಿನಲ್ಲಿ ತಂಡ ಕಟ್ಟಿ, ಹಣ ಹಾಕಿ, ಆಟಗಾರರು ಹೊಡೆದ ರನ್ನಿಗೆ ಪಾಯಿಂಟು ಎಣಿಸುವ ಆ್ಯಪ್. ಅದರ ಹೆಸರು ಬ್ಯಾನರಿನಲ್ಲಿ ಬಂತು, ಜೆರ್ಸಿಯ ಎದೆಯ ಮೇಲೆ ಬಂತು, ಸ್ಟಂಪಿನ ಮೇಲೂ ಬಂತು. ಯೂಟ್ಯೂಬಿನಲ್ಲಿ ಲೈವ್ ಶುರುವಾಯಿತು. ಮೇಲೆ ಡ್ರೋನ್ ಗುಂಯ್‌ಗುಟ್ಟಿತು. ನಾವೆಲ್ಲ ಖುಷಿಪಟ್ಟೆವು, ಸುಳ್ಳು ಹೇಳುವುದಿಲ್ಲ. ದುಬೈಯಲ್ಲಿರುವ ನಮ್ಮ ಓಣಿಯ ಹುಡುಗರು ಅಲ್ಲಿಂದಲೇ ಅಣ್ಣನನ್ನು ನೋಡಿ, "ಟೊಪ್ಪಿ ಸರಿ ಮಾಡಿ ಅಂಪಾಯರೇ" ಎಂದು ಕಾಮೆಂಟ್ ಹಾಕುತ್ತಿದ್ದರು. ಅಮ್ಮನಿಗೆ ಅದನ್ನು ಓದಿ ಹೇಳುವುದೇ ನನ್ನ ಕೆಲಸ.

ಆದರೆ ಲೈವ್ ಬಂದ ಮೇಲೆ ಬೌಂಡರಿಯ ಹತ್ತಿರ ಹೊಸ ತರದ ಜನ ನಿಲ್ಲತೊಡಗಿದರು. ಕಿವಿಯಲ್ಲಿ ಇಯರ್‌ಫೋನ್, ಬಾಯಿಯ ಹತ್ತಿರ ಮೊಬೈಲು. ಯಾವ ತಂಡ ಗೆದ್ದರೂ ಅವರು ಚಪ್ಪಾಳೆ ತಟ್ಟುತ್ತಿರಲಿಲ್ಲ. ಪ್ರತಿ ಚೆಂಡಿಗೂ ಮೆಲ್ಲ ಏನನ್ನೋ ಹೇಳುತ್ತಿದ್ದರು. ಯೂಟ್ಯೂಬಿನ ಲೈವ್ ಸ್ವಲ್ಪ ತಡವಾಗಿ ಬರುತ್ತದೆ; ಮೈದಾನದಲ್ಲಿ ನಿಂತವನಿಗೆ ಮೊದಲೇ ಗೊತ್ತಾಗುತ್ತದೆ. ಆ ತಡದ ನಡುವೆ ಎಲ್ಲೋ ಕುಳಿತವರು ನಮ್ಮ ಓಣಿಯ ಪಂದ್ಯದ ಮೇಲೆ ಬಾಜಿ ಕಟ್ಟುತ್ತಿದ್ದರಂತೆ. ಬ್ಯಾನರಿನ ಆ್ಯಪ್ ಬೇರೆ, ಈ ಜುಗಾರಿಯ ಜಾಲ ಬೇರೆ ಎಂದು ತಿಳಿದವರು ಹೇಳುತ್ತಿದ್ದರು. ಇರಬಹುದು. ಬೌಂಡರಿಯಲ್ಲಿ ನಿಂತವರ ಮುಖ ನೋಡಿದರೆ ನನಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಆಗಲೇ ಅಂಪಾಯರ್ ಪ್ಯಾನೆಲ್ ಎಂದು ಒಂದು ಬಂತು. ಯಾರು ಯಾವ ಪಂದ್ಯಕ್ಕೆ ನಿಲ್ಲಬೇಕು ಎಂದು ಪ್ರಾಯೋಜಕರ ಕಡೆಯವರೇ ಹೇಳುತ್ತಿದ್ದರು. ಅಣ್ಣನನ್ನೂ ಪ್ಯಾನೆಲಿಗೆ ಸೇರಿಸಿದರು. ಕ್ಯಾಪ್ಟನ್‌ಗಳ ಒಪ್ಪಿಗೆ ಕೇಳುವ ಕ್ರಮ ನಿಂತುಹೋಯಿತು. ಲೈವಿನಲ್ಲಿ ಸಮಯ ಹಾಳಾಗುತ್ತದಂತೆ.

ಶಾಲೆಯಲ್ಲೂ ಗಾಳಿ ಬದಲಾಗಿತ್ತು. ಪಿ.ಟಿ. ಪೀರಿಯಡ್ಡಿನಲ್ಲಿ ತಂಡ ಮಾಡಿ ಎಂದರೆ ಮಕ್ಕಳು ಗೆಳೆಯನನ್ನು ಕರೆಯುತ್ತಿರಲಿಲ್ಲ, "ಅವನಿಗೆ ಪಾಯಿಂಟ್ ಬರುದಿಲ್ಲ ಟೀಚರ್" ಎನ್ನುತ್ತಿದ್ದರು. ದೇರೆಬೈಲಿನಲ್ಲಿರುವ ನಮ್ಮ ಸೋದರಮಾವನ ಮನೆಗೆ ಹೋದರೆ ಇನ್ನೂ ತಮಾಷೆ. ಟಿ.ವಿ.ಯಲ್ಲಿ ನಮ್ಮ ರಾಜ್ಯದ ತಂಡ ಆಡುತ್ತಿದೆ; ಮಾವ ಎದುರಾಳಿ ಬೌಲರನಿಗೆ, "ಹಾಕು ಮಾರಾಯ, ತೆಗಿ ಅವನನ್ನು" ಎಂದು ಹುರಿದುಂಬಿಸುತ್ತಿದ್ದಾರೆ. ಅತ್ತೆ ಅಡುಗೆಮನೆಯಿಂದ, "ನಿಮ್ಮದು ಯಾವ ರಾಜ್ಯ ಅಂತ ಒಂದು ಸಲ ಹೇಳಿಬಿಡಿ, ರೇಷನ್ ಕಾರ್ಡ್ ಸರಿ ಮಾಡಿಸುವ" ಎಂದರು. ಮಾವ ನಗಲಿಲ್ಲ. ಆ ಬೌಲರ್ ಅವರ ಮೊಬೈಲಿನ ತಂಡದಲ್ಲಿದ್ದ. ಸಂಜೆಯಿಡೀ ಆ ಮನೆಯಲ್ಲಿ ನಾಲ್ಕು ಜನ ಒಂದೇ ಪಂದ್ಯ ನೋಡಿದೆವು, ಆದರೆ ಒಟ್ಟಿಗೆ ನೋಡಲಿಲ್ಲ.

ಇದರ ಪೆಟ್ಟು ಅಣ್ಣನ ಮೇಲೆ ಬಿದ್ದದ್ದು ಒಂದು ಸೆಮಿಫೈನಲಿನಲ್ಲಿ. ಕುಲಶೇಖರದ ತಂಡ ಬೌಲಿಂಗ್ ಮಾಡುತ್ತಿತ್ತು, ಕೊನೆಯ ಓವರ್. ಚೆಂಡು ಹಿಡಿದವನು ಅವರ ಕ್ಯಾಪ್ಟನೇ, ಗ್ಯಾರೇಜು ಇಟ್ಟುಕೊಂಡಿರುವ ದಪ್ಪ ಮೀಸೆಯ ಮನುಷ್ಯ. ಅವನ ಕೈ ಮೇಲೆ ಹೋಯಿತೆಂದು ಅಣ್ಣ ನೋಬಾಲ್ ಕೊಟ್ಟ. ಮತ್ತೆ ಹಾಕಿದ ಚೆಂಡನ್ನು ಬ್ಯಾಟ್ಸ್‌ಮನ್ ಬೌಂಡರಿಗೆ ಹೊಡೆದ. ಕುಲಶೇಖರ ಸೋತಿತು.

ಸೋತ ತಂಡ ಅಂಪಾಯರನ್ನು ಸುತ್ತುವರಿಯುವುದು ಹೊಸತಲ್ಲ. ಆದರೆ ಆ ದಿನ ಮೊದಲು ಓಡಿ ಬಂದವರು ಎರಡೂ ತಂಡದವರಲ್ಲ, ಇಯರ್‌ಫೋನಿನವರು. ಒಬ್ಬ ಅಣ್ಣನ ಅಂಗಿಯ ಹತ್ತಿರ ಮುಖ ತಂದು, "ಎಷ್ಟಕ್ಕೆ ಕೊಟ್ಟೆ?" ಎಂದು ಕೇಳಿದ. ಕುಲಶೇಖರದ ಕ್ಯಾಪ್ಟನ್ ಹಿಂದಿನಿಂದ ಬಂದು, "ನಮ್ಮನ್ನು ಮಾರಿದೆಯಲ್ಲ ಮಾರಾಯ" ಎಂದ. ಅಣ್ಣ ಬೇಲ್ಸ್ ಎತ್ತಿಕೊಂಡು ಹೊರಗೆ ಬಂದ.

ಮರುದಿನ ವಾಟ್ಸಾಪಿನಲ್ಲಿ ವೀಡಿಯೊ ತುಂಡು ಹರಿದಾಡಿತು. ಚೆಂಡು ಎಸೆಯುವ ಕೈಗೆ ಒಂದು ಕೆಂಪು ವೃತ್ತ. ಆಮೇಲೆ ಅಣ್ಣನ ಪ್ಯಾಂಟಿನ ಜೇಬಿಗೆ ಇನ್ನೊಂದು ಕೆಂಪು ವೃತ್ತ. ನೋಬಾಲಿಗೆ ಸ್ವಲ್ಪ ಮೊದಲು ಅವನ ಕೈ ಜೇಬಿಗೆ ಹೋಗಿ ಬರುತ್ತದೆ. ಅದೇ ಸಿಗ್ನಲ್ ಅಂತೆ. ನಮ್ಮ ಕಡೆಯ ಹಳೆಯ ಅಂಪಾಯರ್‌ಗಳೆಲ್ಲ ಹುಣಸೆ ಬೀಜ ಇಟ್ಟುಕೊಂಡು ಚೆಂಡು ಎಣಿಸುತ್ತಾರೆ. ಒಂದು ಚೆಂಡಾದರೆ ಒಂದು ಬೀಜ ಬಲ ಜೇಬಿನಿಂದ ಎಡ ಜೇಬಿಗೆ. ಮೈದಾನದಲ್ಲಿ ಬೆಳೆದ ಎಲ್ಲರಿಗೂ ಇದು ಗೊತ್ತು. ಆದರೂ ಆ ವೀಡಿಯೊ ನೋಡುವಾಗ ಯಾರಿಗೂ ಹುಣಸೆ ಬೀಜ ನೆನಪಾಗಲಿಲ್ಲ. ಜುಗಾರಿ ಬಂದ ಮೇಲೆ ನಮ್ಮ ಜನರು ನೋಡುವ ರೀತಿಯೇ ಹಾಗಾಗಿತ್ತು. ಕೈ ಜೇಬಿಗೆ ಹೋದರೆ ಒಳಗೆ ಹಣವೇ ಇರಬೇಕು.

ಬಸ್ಸಿನಲ್ಲಿ ದಿನವಿಡೀ ಹಣ ಮುಟ್ಟುವ ಮನುಷ್ಯ ಅವನು. ಯಾರೋ ಸೀಟಿನ ಮೇಲೆ ಬಿಟ್ಟುಹೋದ ಪರ್ಸನ್ನು ಅವರ ಮನೆಯವರೆಗೆ ಮುಟ್ಟಿಸಿ ಬಂದವನು. ಅಂಥವನಿಗೆ ಕಾವೂರಿನಲ್ಲಿ ಹತ್ತಿದ ಒಬ್ಬ ಪ್ರಯಾಣಿಕ, "ಚಿಲ್ಲರೆ ನೀವೇ ಇಟ್ಟುಕೊಳ್ಳಿ, ನಿಮಗೆ ಅಭ್ಯಾಸ ಉಂಟಲ್ಲ" ಎಂದ. ಅದೇ ಬಸ್ಸಿನಲ್ಲಿ ನಾನೂ ಇದ್ದೆ, ಶಾಲೆಗೆ ಹೊರಟಿದ್ದೆ. ಅಣ್ಣ ಚಿಲ್ಲರೆ ಎಣಿಸಿ ಅವನ ಅಂಗೈಯಲ್ಲಿಟ್ಟು, "ಮುಂದೆ ಹೋಗಿ, ಮುಂದೆ ಜಾಗ ಉಂಟು" ಎಂದ. ಧ್ವನಿ ಎಂದಿನ ಹಾಗೆಯೇ ಇತ್ತು. ನಾನು ಇಳಿಯುವಾಗ ಅವನು ನನ್ನ ಮುಖ ನೋಡಲಿಲ್ಲ.

ಆ ವಾರವೇ ಅವನು ಕ್ಲಬ್ಬಿಗೆ ಹೇಳಿ ಕಳಿಸಿದ, ಇನ್ನು ನನ್ನನ್ನು ಕರೆಯಬೇಡಿ ಎಂದು. ಭಾನುವಾರ ರಜೆ ಸಿಕ್ಕಿದರೆ ಮನೆಯಲ್ಲೇ ಇರುತ್ತಿದ್ದ. ಬಾವಿಕಟ್ಟೆ ತೊಳೆಯುತ್ತಿದ್ದ, ತೆಂಗಿನ ಬುಡ ಬಿಡಿಸುತ್ತಿದ್ದ. ಮೈದಾನದ ಮೈಕಿನ ಶಬ್ದ ನಮ್ಮ ಅಂಗಳಕ್ಕೆ ಕೇಳುತ್ತದೆ. ಕೇಳಿಸಿದಾಗ ಒಳಗೆ ಹೋಗಿ ಫ್ಯಾನು ಜೋರು ಮಾಡುತ್ತಿದ್ದ.

ಒಂದು ದಿನ ಅಮ್ಮ ನೇರ ಕೇಳಿದರು. "ಮಗಾ, ಅವತ್ತು ಆ ಮನುಷ್ಯನ ಕೈ ಮೇಲೆ ಹೋಗಿತ್ತಾ, ಇಲ್ಲವಾ?"

"ನಾನು ನೋಡಿದಾಗ ಹೋಗಿತ್ತು."

"ವೀಡಿಯೊದಲ್ಲಿ ಹೋಗಿಲ್ಲ ಅಂತಾರಲ್ಲ."

"ಹಾಗಾದ್ರೆ ನಂಗೆ ತಪ್ಪಿರಬಹುದು ಅಮ್ಮ. ಚೆಂಡು ಬರುವ ವೇಗಕ್ಕೆ ಎಷ್ಟೋ ಸಲ ತಪ್ಪುತ್ತದೆ."

"ಅದನ್ನೇ ಅವರಿಗೆ ಹೇಳುದಲ್ವಾ, ತಪ್ಪಿತು ಅಂತ."

"ಹೇಗೆ ಹೇಳುದು? ತಪ್ಪಿತು ಅಂದ್ರೆ ಹಣ ತಿಂದದ್ದು ಒಪ್ಪಿಕೊಂಡ ಅಂತಾರೆ. ಸರಿ ಅಂದ್ರೆ ಹಣ ತಿಂದು ವಾದ ಮಾಡ್ತಾನೆ ಅಂತಾರೆ. ಬಾಯಿ ಮುಚ್ಚಿ ಕೂತ್ರೆ ತಿಂದದ್ದು ಜೀರ್ಣ ಆಗಿದೆ ಅಂತಾರೆ."

ನಾನು ಆಟದ ಬಗ್ಗೆ ಎರಡು ವರ್ಷ ಪುಸ್ತಕ ಓದಿ ಪರೀಕ್ಷೆ ಬರೆದವಳು. ಜುಗಾರಿ ಆಟಕ್ಕೆ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ಈಗಲೂ ನಾನು ಅಣ್ಣನ ಆ ಮಾತನ್ನೇ ಹೇಳುತ್ತೇನೆ. ಮನೆ ಮುರಿಯುತ್ತದೆ, ಸಂಬಳ ಹೋಗುತ್ತದೆ, ಅದೆಲ್ಲ ನಿಜ. ನಮ್ಮ ಶಾಲೆಯ ಪೋಷಕರಲ್ಲೇ ಕಂಡಿದ್ದೇನೆ. ಆದರೆ ಹಣ ಹಾಕದವನಿಂದಲೂ ಅದು ಒಂದನ್ನು ಕಿತ್ತುಕೊಳ್ಳುತ್ತದೆ. ಮನುಷ್ಯನಿಗೆ ಸುಮ್ಮನೆ ತಪ್ಪಾಗುವುದು ಉಂಟಲ್ಲ, ಅದಕ್ಕೆ ಜಾಗ ಇಲ್ಲದ ಹಾಗೆ ಮಾಡುತ್ತದೆ. ಕ್ಯಾಚ್ ಬಿಟ್ಟವನೂ ಮಾರಿದವನೇ, ವೈಡ್ ಹಾಕಿದವನೂ ಮಾರಿದವನೇ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆಲ್ಲ ಕೇಂದ್ರ ಸರ್ಕಾರ ನಿಷೇಧ ತಂದ ಸುದ್ದಿಯನ್ನು ನಾನು ಸ್ಟಾಫ್ ರೂಮಿನಲ್ಲಿ ಓದಿದೆ. ಹಿಂದೊಮ್ಮೆ ನಮ್ಮ ರಾಜ್ಯದಲ್ಲೂ ಇಂಥ ಕಾನೂನು ಬಂದಿತ್ತು, ಕೋರ್ಟಿನಲ್ಲಿ ನಿಲ್ಲಲಿಲ್ಲ. ಈ ಸಲ ಬುದ್ಧಿಯ ಆಟ, ಅದೃಷ್ಟದ ಆಟ ಎಂಬ ಭೇದವೇ ಇಲ್ಲ, ಜಾಹೀರಾತಿಗೂ ಅವಕಾಶ ಇಲ್ಲ ಎಂದು ಬರೆದಿತ್ತು. ಗಣಿತದ ಮೇಷ್ಟ್ರು ಪೇಪರ್ ಮಡಚಿ, "ಇದೆಲ್ಲ ಆಗುದಿಲ್ಲ ಮೇಡಂ. ಬಾಗಿಲು ಮುಚ್ಚಿದ್ರೆ ಕಿಟಕಿಯಲ್ಲಿ ಬರ್ತಾರೆ" ಎಂದರು.

"ಬರಲಿ ಸಾರ್. ಕಿಟಕಿಯಲ್ಲಿ ಬಂದವನಿಗೆ ನಾವು ಚಾ ಕೊಟ್ಟು ಕೂರಿಸುದಿಲ್ಲ ಅಲ್ವಾ" ಎಂದೆ ನಾನು.

ಅವರ ಮಾತಿನಲ್ಲೂ ಅರ್ಥ ಇತ್ತು. ಕಳ್ಳದಾರಿಯ ಜಾಲಗಳು ಪೂರ್ತಿ ಹೋಗಿಲ್ಲ ಎಂದು ಈಗಲೂ ಕೇಳುತ್ತೇವೆ. ಆ್ಯಪಿನ ಕಂಪೆನಿಯೊಂದರಲ್ಲಿ ಕೆಲಸಕ್ಕಿದ್ದ ಮೇಷ್ಟ್ರ ತಂಗಿಯ ಮಗಳಿಗೆ ಕೆಲಸ ಹೋಯಿತು. ಆ ಹುಡುಗಿಯ ತಪ್ಪು ಏನೂ ಇಲ್ಲ. ನಮ್ಮ ಕ್ಲಬ್ಬಿಗೂ ಪೆಟ್ಟು ಬಿತ್ತು. ಪ್ರಾಯೋಜಕರು ಹೋದರು. ಲೈಟಿನ ಬಾಡಿಗೆ ಕೊಡಲು ಯಾರೂ ಇಲ್ಲ, ಲೈವಿನವರು ಕ್ಯಾಮೆರಾ ಮಡಚಿದರು. ಮೈದಾನದಲ್ಲಿ ಕೆಲವು ತಿಂಗಳು ಬರೇ ಹುಲ್ಲು ಬೆಳೆಯಿತು. ಇನ್ನು ಟೂರ್ನಮೆಂಟೇ ಇಲ್ಲ ಎಂದು ಹೇಳಿದವರುಂಟು. ಇಯರ್‌ಫೋನಿನವರು ಮಾತ್ರ ಒಬ್ಬರೂ ಬರಲಿಲ್ಲ. ಲೈವ್ ಇಲ್ಲದ ಪಂದ್ಯದಲ್ಲಿ ಅವರಿಗೆ ಎಂತ ಕೆಲಸ?

ಮಳೆ ಕಳೆದ ಮೇಲೆ ಒಂದು ಸಂಜೆ ಕ್ಲಬ್ಬಿನ ಸೆಕ್ರೆಟರಿ ನಮ್ಮ ಮನೆಗೆ ಬಂದರು. ಅವರು ಅಣ್ಣನ ಶಾಲೆಯ ಗೆಳೆಯ, ಬ್ಯಾರಿ ಮುಸಲ್ಮಾನರ ಮನೆತನದವರು. ಅಜ್ಜನ ಕಾಲದಿಂದ ಬಾಳೆಹಣ್ಣಿನ ಮಂಡಿ. ಅಂಗಳದಿಂದಲೇ ಕೂಗಿದರು, "ಅಮ್ಮಾ, ಚಾ ಉಂಟಾ?"

"ಚಾ ಉಂಟು. ಸಕ್ಕರೆ ಹಾಕುದಿಲ್ಲ. ನಿಂಗೆ ಡಾಕ್ಟರ್ ಬೇಡ ಅಂದದ್ದು ನಿನ್ನ ಹೆಂಡತಿ ನಂಗೆ ಹೇಳಿದ್ದಾಳೆ" ಎಂದರು ಅಮ್ಮ.

ಅವರು ಜಗಲಿಯಲ್ಲಿ ಕುಳಿತು ಅಣ್ಣನ ಕಡೆ ತಿರುಗಿದರು. "ಟೂರ್ನಮೆಂಟ್ ಮಾಡ್ತೇವೆ. ಲೈಟ್ ಇಲ್ಲ, ಲೈವ್ ಇಲ್ಲ, ಡ್ರೋನ್ ಇಲ್ಲ. ಹಗಲು ಆಟ. ಗೆದ್ದವರಿಗೆ ಮೊದಲಿನ ಹಾಗೆ ಬಾಳೆಗೊನೆ, ನಮ್ಮ ಮಂಡಿದು."

"ಒಳ್ಳೇದಾಯ್ತು. ಆಡಿ."

"ಆಡುದು ಹೇಗೆ? ಅಂಪಾಯರ್ ಬೇಕಲ್ಲ."

"ಪ್ಯಾನೆಲ್ ಉಂಟಲ್ಲ ನಿನ್ನದು."

"ಪ್ಯಾನೆಲಿಗೆ ಎ.ಸಿ. ಕಾರು ಬೇಕು ಮಾರಾಯ. ನಿಂಗೆ ಗಂಜಿ ಸಾಕು."

ಅಮ್ಮ ನಕ್ಕರು. ಅಣ್ಣ ನಗಲಿಲ್ಲ. "ಕುಲಶೇಖರದವರು ಬರ್ತಾರಾ?"

"ಬರ್ತಾರೆ. ಮೊದಲು ಹೆಸರು ಕೊಟ್ಟದ್ದೇ ಅವರು."

"ಹಾಗಾದ್ರೆ ನಾನು ಬೇಡ."

"ಅದನ್ನು ಹೇಳುದು ನೀನಲ್ಲ. ಹಳೇ ಕ್ರಮ ಮತ್ತೆ ತಂದಿದ್ದೇವೆ. ಎರಡೂ ಕ್ಯಾಪ್ಟನ್ ಒಪ್ಪಿಗೆ ಉಂಟು ಅನ್ನಬೇಕು. ಅವ ಇಲ್ಲ ಅಂದ್ರೆ ನೀನು ಬದಿಗೆ ಬಂದು ಗಂಜಿ ಉಂಡು ಹೋಗು. ಯಾರು ಬೇಡ ಅಂತಾರೆ?"

ಅಣ್ಣನ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ಈವರೆಗೆ ಅವನ ಬಗ್ಗೆ ಮಾತು ಆಡಿದ್ದು ವಾಟ್ಸಾಪಿನಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ. ಇಡೀ ಊರಿನ ಮುಂದೆ, ಅವನ ಮುಖ ನೋಡಿ, ಆ ಕ್ಯಾಪ್ಟನ್ "ಒಪ್ಪಿಗೆ ಇಲ್ಲ" ಎಂದರೆ ಅದು ಕೊನೆಯ ತೀರ್ಪು. ಆಮೇಲೆ ಅಣ್ಣ ಮೈದಾನದ ಬದಿಯಲ್ಲಿ ನಡೆದು ಹೋಗುವುದೂ ಕಷ್ಟ. ಹೋಗದೆ ಮನೆಯಲ್ಲೇ ಕುಳಿತರೆ ಕಡೇಪಕ್ಷ ಅನುಮಾನ ಅನುಮಾನವಾಗಿಯೇ ಉಳಿಯುತ್ತದೆ.

"ನಾನೂ ಬರ್ತೇನೆ ಅಣ್ಣ" ಎಂದೆ.

"ನೀನು ಬಂದು ಎಂತ ಮಾಡ್ತಿ? ವಿಸಿಲ್ ಊದುದಾ?"

"ಊದ್ತೇನೆ. ಡಿಗ್ರಿ ಮಾಡಿಸಿದ್ದು ನೀನೇ ಅಲ್ವಾ."

ಸೆಕ್ರೆಟರಿ ಚಾದ ಗ್ಲಾಸು ಕೆಳಗಿಟ್ಟರು. "ಟೀಚರ್ ಹೇಳಿಯಾಯ್ತು. ಭಾನುವಾರ ಬೇಗ ಬಾ. ಅಂಗಿ ಇಸ್ತ್ರಿ ಹಾಕು, ಮುದ್ದೆಯಾಗಿ ಬಂದ್ರೆ ನಾನೇ ಒಪ್ಪಿಗೆ ಇಲ್ಲ ಅಂತೇನೆ."

ಆ ಭಾನುವಾರ ಮೈದಾನಕ್ಕೆ ಹೋದಾಗ ಮೊದಲು ಕಂಡದ್ದು ಕೊಡೆಗಳು. ಲೈಟಿನ ಕಾಲದಲ್ಲಿ ಬರದೆ ಇದ್ದ ಹೆಂಗಸರು, ಮುದುಕರು ಹಗಲು ಆಟ ಎಂದು ಕೊಡೆ ಹಿಡಿದು ಬಂದು ಕುಳಿತಿದ್ದರು. ಒಂದು ಮೂಲೆಯಲ್ಲಿ ಗಂಜಿ ಬೇಯುತ್ತಿತ್ತು. ಪಕ್ಕದಲ್ಲಿ ಬಾಳೆಗೊನೆಗಳನ್ನು ಮೇಜಿಗೆ ಒರಗಿಸಿ ಇಟ್ಟಿದ್ದರು. ಮೈಕ್ ಹಿಡಿದವನು ಪ್ರಾಯೋಜಕರ ಹೆಸರು ಹೇಳಿ ಅಭ್ಯಾಸವಾಗಿ, ನಡುನಡುವೆ ಏನು ಹೇಳುವುದೆಂದು ತಿಳಿಯದೆ, "ದಯವಿಟ್ಟು ಬೈಕುಗಳನ್ನು ನೆರಳಿನಲ್ಲಿ ನಿಲ್ಲಿಸಿ" ಎಂದು ಮತ್ತೆ ಮತ್ತೆ ಹೇಳುತ್ತಿದ್ದ.

ಬೆಳಗಿನ ಪಂದ್ಯಗಳಿಗೆ ಬೇರೆಯವರು ನಿಂತರು. ಅಣ್ಣನ ಪಾಲಿಗೆ ಬಂದದ್ದು ದೇರೆಬೈಲ್ ಮತ್ತು ಕುಲಶೇಖರದ ಪಂದ್ಯ. ಅವನು ಪಿಚ್ಚಿನ ನಡುವೆ ಹೋಗಿ ನಿಂತ. ದೇರೆಬೈಲಿನ ಕ್ಯಾಪ್ಟನ್ ಬಂದು ಕೈ ಕುಲುಕಿ, "ಒಪ್ಪಿಗೆ ಉಂಟು ಅಣ್ಣ" ಎಂದು ಬದಿಗೆ ನಿಂತ. ಕುಲಶೇಖರದ ಕ್ಯಾಪ್ಟನ್ ಬಂದ, ಅದೇ ಮೀಸೆ. ಕೈ ನೀಡಲಿಲ್ಲ. ಬ್ಯಾಟಿನ ಹಿಡಿಯ ರಬ್ಬರನ್ನು ಹೆಬ್ಬೆರಳಿನಿಂದ ತಿಕ್ಕುತ್ತಾ ನಿಂತ. ಮೈಕಿನವನೂ ಸುಮ್ಮನಾದ. ನಾನು ಬೌಂಡರಿಯ ಹಗ್ಗದ ಹತ್ತಿರವೇ ಇದ್ದೆ, ಎಲ್ಲವೂ ಕೇಳುತ್ತಿತ್ತು.

"ಒಂದು ಮಾತು ಕೇಳುದುಂಟು" ಎಂದ ಕ್ಯಾಪ್ಟನ್.

"ಕೇಳು" ಎಂದ ಅಣ್ಣ.

"ಅವತ್ತು ನನ್ನ ಕೈ ಮೇಲೆ ಹೋಗಿತ್ತಾ?"

"ನಾನು ನೋಡಿದಾಗ ಹೋಗಿತ್ತು. ನೋಡಿದ್ದು ತಪ್ಪಿರಲೂಬಹುದು."

"ಇಷ್ಟನ್ನು ಅವತ್ತೇ ಹೇಳಬಹುದಿತ್ತಲ್ಲ."

"ಅವತ್ತು ಹೇಳಿದ್ರೆ ನೀನು ಎಂತ ಕೇಳ್ತಿದ್ದೆ?"

ಕ್ಯಾಪ್ಟನ್ ಇಯರ್‌ಫೋನಿನವರು ನಿಲ್ಲುತ್ತಿದ್ದ ಬೌಂಡರಿಯ ಕಡೆ ಒಮ್ಮೆ ನೋಡಿದ. ಅಲ್ಲಿ ಕೊಡೆಗಳ ಕೆಳಗೆ ಹೆಂಗಸರು ಕಡಲೆ ತಿನ್ನುತ್ತಿದ್ದರು. ಅವನು ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿ, ಕೈ ನೀಡಿದ.

"ಒಪ್ಪಿಗೆ ಉಂಟು. ಟಾಸ್ ಹಾಕಿ ಮಾರಾಯ್ರೆ, ಬಿಸಿಲು ಏರ್ತದೆ."

ಆ ಕ್ಷಣದಲ್ಲಿ ನನಗೆ ದೆಹಲಿಯಲ್ಲಿ ಕುಳಿತು ಕಾನೂನು ಮಾಡಿದವರ ನೆನಪಾಯಿತು ಎಂದರೆ ನಗಬೇಡಿ. ಅವರು ನಮ್ಮ ಅಣ್ಣನನ್ನು ಕಂಡವರಲ್ಲ. ಅಂಡರ್‌ಆರ್ಮ್ ಎಂದರೇನೆಂದೂ ಅವರಿಗೆ ಗೊತ್ತಿರಲಿಕ್ಕಿಲ್ಲ. ಆದರೂ ಅವರು ಮಾಡಿದ್ದರಿಂದ ನಮ್ಮ ಮೈದಾನದಿಂದ ಕೆಲವು ಜನ ಹೋದರು, ಅವರು ಹೋದ ಜಾಗದಲ್ಲಿ ಇಬ್ಬರು ಮನುಷ್ಯರಿಗೆ ಮುಖ ನೋಡಿ ಮಾತನಾಡಲು ಆಯಿತು. ಕಾನೂನಿನಿಂದ ಎಲ್ಲ ಸರಿಯಾಯಿತು ಎಂದು ನಾನು ಹೇಳುವುದಿಲ್ಲ. ನನ್ನ ಪಾಲಿಗೆ ಬಂದದ್ದಕ್ಕೆ ನಾನು ಋಣಿ, ಅಷ್ಟೇ. ಕೈ ನೀಡಿದ ಆ ಗ್ಯಾರೇಜಿನ ಮನುಷ್ಯನಿಗೂ, ಸಕ್ಕರೆ ಇಲ್ಲದ ಚಾ ಕುಡಿದು ಕರೆದವರಿಗೂ.

ಪಂದ್ಯ ಶುರುವಾಯಿತು. ಕುಲಶೇಖರ ಬ್ಯಾಟಿಂಗ್. ಕ್ಯಾಪ್ಟನ್ ಚೆನ್ನಾಗಿ ಆಡುತ್ತಿದ್ದ. ಒಂದು ಚೆಂಡನ್ನು ತಳ್ಳಿ ಎರಡನೇ ರನ್ನಿಗೆ ಓಡಿದ. ಚೆಂಡು ಬಂತು, ಬೇಲ್ಸ್ ಬಿತ್ತು, ಅಣ್ಣನ ಬೆರಳು ಮೇಲೆ ಹೋಯಿತು. ಔಟ್.

ಹಗ್ಗದ ಹತ್ತಿರ ನಿಂತ ನನಗೇ ಕಂಡಿತು, ಅವನು ಕ್ರೀಸಿನ ಒಳಗೆ ಬಂದಾಗಿತ್ತು. ಓಡಿ ಬಂದ ಫೀಲ್ಡರ್ ಅಣ್ಣನಿಗೆ ಅಡ್ಡ ನಿಂತಿದ್ದ. ಕೊಡೆಗಳೂ ಎದ್ದು ನಿಂತವು. ಈಗ ಆ "ಎಷ್ಟಕ್ಕೆ ಕೊಟ್ಟೆ" ಎಂಬ ಮಾತು ಬರುತ್ತದೆ ಎಂದುಕೊಂಡೆ.

ಕ್ಯಾಪ್ಟನ್ ತಲೆಯ ಮೇಲೆ ಎರಡೂ ಕೈ ಹೊತ್ತು ನಿಂತ. ಆಮೇಲೆ ಅಣ್ಣನ ಹತ್ತಿರ ಬಂದ.

"ನಿಂಗೆ ಕಣ್ಣು ಉಂಟಾ ಮಾರಾಯ? ನಾನು ಒಳಗೆ ಬಂದು, ಕೂತು, ಎಲೆಯಡಿಕೆ ಹಾಕಿ ಆಗಿತ್ತು."

"ಔಟ್. ಹೋಗು."

"ಹೋಗ್ತೇನೆ. ನೀನು ಸೀದಾ ಕಣ್ಣಿನ ಆಸ್ಪತ್ರೆಗೆ ಹೋಗು. ನಿನ್ನ ಬಸ್ಸಿನಲ್ಲೇ ಹೋಗಬೇಡ, ಸ್ಟಾಪ್ ಕಾಣ್ಲಿಕ್ಕಿಲ್ಲ."

ಮೈದಾನ ನಕ್ಕಿತು. ಅವನು ಬ್ಯಾಟು ನೆಲಕ್ಕೆ ಬಡಿಯುತ್ತಾ ಹೊರಗೆ ಹೋದ. ಹಗ್ಗ ದಾಟುವವರೆಗೂ ಅಣ್ಣನ ಕಣ್ಣಿನ ಬಗ್ಗೆ, ಟೊಪ್ಪಿಯ ಬಗ್ಗೆ, ಕಣ್ಣಿಗೆ ಅಡ್ಡ ಬರುವ ಟೊಪ್ಪಿ ಹೊಲಿದ ದರ್ಜಿಯ ಬಗ್ಗೆ ಬೈಯುತ್ತಲೇ ಹೋದ. ಅವನ ತಂಡದವರೂ ಬೈದರು. ಒಬ್ಬ ಮುದುಕ ಕೊಡೆಯ ತುದಿ ತೋರಿಸಿ ಬೈದ. ಅಷ್ಟು ಬೈಗಳಲ್ಲಿ ಹಣದ ಹೆಸರು ಒಬ್ಬನ ಬಾಯಲ್ಲೂ ಬರಲಿಲ್ಲ.

ಗಂಜಿಯ ಹೊತ್ತಿಗೆ ಅಣ್ಣ ತಟ್ಟೆ ಹಿಡಿದು ಸೀದಾ ಕುಲಶೇಖರದವರು ಕುಳಿತಲ್ಲಿಗೆ ಹೋದ. ಅವರು ಸೋತಿದ್ದರು. ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ನೀನು ಒಳಗಿದ್ದೆ ಅಂತ ಕಾಣ್ತದೆ. ನಂಗೆ ಅಡ್ಡ ಆಯ್ತು, ಗೆಸ್ ಮಾಡಿ ಕೊಟ್ಟೆ. ತಪ್ಪಿತು."

"ಈಗ ಹೇಳಿ ಎಂತ ಪ್ರಯೋಜನ, ಬಾಳೆಗೊನೆ ಹೋಯ್ತಲ್ಲ" ಎಂದ ಕ್ಯಾಪ್ಟನ್, ತನ್ನ ಪಕ್ಕದಲ್ಲಿ ಜಾಗ ಮಾಡುತ್ತಾ. "ಕೂತುಕೋ. ಉಪ್ಪಿನಕಾಯಿ ಇಲ್ಲಿ ಉಂಟು, ಕಾಣ್ತದಲ್ಲ?"

ಸಂಜೆ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದರು. ಮೈಕಿನ ಶಬ್ದ ಕೇಳಿದ್ದರೂ ಏನಾಯಿತೆಂದು ಅವರಿಗೆ ತಿಳಿದಿರಲಿಲ್ಲ. ಅಣ್ಣನ ಮುಖವನ್ನೇ ನೋಡಿ, "ಎಂತಾಯ್ತು ಮಗಾ?" ಎಂದು ಕೇಳಿದರು.

ಅಣ್ಣ ಚಪ್ಪಲಿ ಕಳಚುತ್ತಾ ಹೇಳಿದ, "ಒಂದು ರನ್‌ಔಟ್ ತಪ್ಪಿ ಕೊಟ್ಟೆ ಅಮ್ಮ. ಎಲ್ಲರೂ ಸೇರಿ ಒಳ್ಳೆ ಬೈದರು."

"ಯಾರು, ಆ ಕುಲಶೇಖರದವನೂ ಬೈದನಾ?"

"ಅವನೇ ಹೆಚ್ಚು ಬೈದದ್ದು" ಎಂದು ಅಣ್ಣ ನಗುತ್ತಾ ಬಾವಿಯ ಕಡೆ ಹೋದ. ಬರುವ ಭಾನುವಾರಕ್ಕೆ ರಜೆ ಕೇಳಬೇಕು, ಫೈನಲ್ ಉಂಟು ಎಂದು ಅಲ್ಲಿಂದಲೇ ಕೂಗಿ ಹೇಳಿದ.